ಬಿಳಿ ಬೋರ್ಡಿನ ಸೋದರಮಾವ

ಎಲ್ಲಕ್ಕೂ ಮೂಲ ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಕಾಟಪ್ಪ. ಬೆಳಿಗ್ಗೆ ಹಲ್ಲುಜ್ಜುತ್ತಲೇ ಏಕಾಂತಪ್ಪನ ಪಿಕಪ್ಪಿಗೆ ಒಂದು ಪ್ರದಕ್ಷಿಣೆ ಹಾಕಿ, "ಲೇ ಏಕಾಂತ, ಈರುಳ್ಳಿ ಸಾಗಿಸಾಕೆ ತಗಂಡ ಬಿಳಿ ಬೋರ್ಡ್ ಗಾಡಿ ಇದು. ಹೈವೇಲಿ ಕೆಟ್ಟ ಕಾರು ಎಳೆದು ಬಾಡಿಗೆ ಇಸ್ಕಂತೀಯಲ್ಲ, ಹಳದಿ ಬೋರ್ಡ್ ಎಲ್ಲೈತೆ? ಪರ್ಮಿಟ್ ಎಲ್ಲೈತೆ? ಆರ್‌ಟಿಓನೋರು ಗಿರಾಕಿ ವೇಷದಾಗೆ ಬತ್ತಾರಂತೆ, ಹುಷಾರು!" ಎಂದ.

ಆ ಮಾತು ಕಿವಿಗೆ ಹೊಕ್ಕ ಗುಂಗುರು ಹುಳದಂತೆ ಏಕಾಂತಪ್ಪನನ್ನು ಕಾಡತೊಡಗಿತು.

ಹೊತ್ತೇರುವಷ್ಟರಲ್ಲಿ ಜವನಗೊಂಡನಹಳ್ಳಿ ಬಳಿ ಒಬ್ಬ ಕೈ ಅಡ್ಡ ಹಾಕಿದ. ಇಸ್ತ್ರಿ ಅಂಗಿ, ಹೊಳೆಯುವ ಬೂಟು, ಪಕ್ಕದಲ್ಲಿ ಕೆಟ್ಟು ನಿಂತ ಕಾರು. "ಹಿರಿಯೂರು ತನಕ ಎಳೀತೀರಾ? ಬಾಡಿಗೆ ಎಷ್ಟು?"

ಏಕಾಂತಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆ ಬೂಟು! ಅನುಮಾನವೇ ಇಲ್ಲ! "ಬಾಡಿಗೆನಾ? ಶಿವಶಿವಾ! ನಾವು ಧರ್ಮಕ್ಕೆ ಎಳಿಯೋರ್ರಿ."

"ದಾರೀಲಿ ಚೆಕಿಂಗ್ ಇರುತ್ತಾ? ಒಳದಾರಿ ಏನಾದ್ರೂ ಗೊತ್ತಾ?"

ಅಬ್ಬಾ, ಹೇಗೆ ಬಲೆ ಬೀಸುತ್ತಾನೆ! "ಒಳದಾರಿ ನಮಗ್ಯಾಕ್ರಿ? ನಮ್ದೇನಿದ್ರೂ ನೆಟ್ಟಗಿನ ರಸ್ತೆ," ಎಂದು ಏಕಾಂತಪ್ಪ ಹಗ್ಗ ಬಿಗಿದು, ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಷ್ಟು ನಿಧಾನವಾಗಿ ಹೈವೇಯಲ್ಲೇ ಹೊರಟ. ಹಿಂದೆ ಕಾರಿನಲ್ಲಿ ಕುಳಿತವನು ಬೆವರೊರೆಸಿಕೊಳ್ಳುವುದು ಕನ್ನಡಿಯಲ್ಲಿ ಕಂಡಿತು. ಏನು ನಟನೆ ಅಂತೀನಿ, ಎಂದುಕೊಂಡ.

ಹಿರಿಯೂರಿನ ಹೊರಗೆ ಸಾರಿಗೆ ಇನ್‌ಸ್ಪೆಕ್ಟರೊಬ್ಬರು ಗಾಡಿ ನಿಲ್ಲಿಸಿದರು. "ಬಿಳಿ ಬೋರ್ಡಲ್ಲಿ ಬಾಡಿಗೆ ಹೊಡೀತೀಯೇನಯ್ಯಾ?"

ಹಿಂದೊಬ್ಬ ಆಫೀಸರು, ಮುಂದೊಬ್ಬ ಆಫೀಸರು. ಏಕಾಂತಪ್ಪನ ನಾಲಿಗೆ ಅವನನ್ನು ಕೇಳದೆಯೇ ಓಡಿತು: "ಇಲ್ರೀ ಸಾ! ಅವರು ನಮ್ಮ ಸೋದರಮಾವ!"

ಕಾರಿನಿಂದಿಳಿದವನು ಒಂದು ಕ್ಷಣ ಕಣ್ಣು ಪಿಳುಕಿಸಿದ. ಆಮೇಲೆ ಬಂದು ಏಕಾಂತಪ್ಪನ ಬೆನ್ನು ತಟ್ಟಿದ. "ಹೌದು ಸರ್, ನಮ್ಮ ಅಳಿಯ. ಬಂಗಾರದಂಥೋನು. ಇರಪ್ಪ, ನೀರು ಕುಡಿದು ಬರ್ತೀನಿ."

ಇನ್‌ಸ್ಪೆಕ್ಟರು ಕಾರಿನ ನಂಬರನ್ನು ಫೋನಿನಲ್ಲಿ ಯಾರಿಗೋ ಓದಿ ಹೇಳಿದರು. ಅವರ ಮುಖ ಗಂಟಾಯಿತು. "ಇದು ಬೆಳಿಗ್ಗೆ ಶಿರಾದಲ್ಲಿ ಕಳುವಾದ ಕಾರು! ಎಲ್ಲಿ ನಿಮ್ಮ ಮಾವ?"

ಮಾವ ಜಾಲಿಮರಗಳ ಆಚೆ ಚುಕ್ಕೆಯಾಗಿದ್ದ.

ಏಕಾಂತಪ್ಪ ದಬಾರನೆ ಕಾಲಿಗೆ ಬಿದ್ದ. "ಸಾ, ಅವನ್ಯಾವನೋ ಗೊತ್ತಿಲ್ಲ! ನಾನು ಪರ್ಮಿಟ್ ಇಲ್ದೆ ಬಾಡಿಗೆ ಹೊಡಿಯೋನು. ದಮ್ಮಯ್ಯ, ದಂಡ ಹಾಕ್ರಿ! ಬೇಕಾದ್ರೆ ನಮ್ಮ ಮನೆಯೋಳ್ನ ಕೇಳ್ರಿ!"

ಇನ್‌ಸ್ಪೆಕ್ಟರು ಅವನ ಫೋನಿನಿಂದಲೇ ಮನೆಗೆ ಕರೆ ಮಾಡಿದರು. "ಏನಮ್ಮಾ, ನಾವು ಆರ್‌ಟಿಓ. ನಿನ್ನ ಗಂಡ ಬಾಡಿಗೆಗೆ ಕಾರು ಎಳೀತಾನಾ?"

ಕಾಟಪ್ಪನ ಮಾತು ಕೇಳಿಸಿಕೊಂಡಾಗಿನಿಂದ ಹೆಂಡತಿ ಕೆಂಚಕ್ಕ ಈ ಪ್ರಶ್ನೆಗೇ ಸಿದ್ಧವಾಗಿ ಕೂತಿದ್ದಳು. "ಚೌಡಮ್ಮನಾಣೆ ಇಲ್ರೀ ಸಾ! ವಾರಕ್ಕೆ ನಾಕೈದು ಕಾರು ಎಳಕಂಡು ಬತ್ತಾರೆ, ಒಂದುಕ್ಕೂ ಬಾಡಿಗೆ ಇಲ್ಲ. ಎಲ್ಲಾ ನಮ್ಮ ನೆಂಟರವೇ!"

ಇನ್‌ಸ್ಪೆಕ್ಟರು ದಂಡದ ರಸೀದಿ ಪುಸ್ತಕ ಮುಚ್ಚಿ ಪೊಲೀಸ್ ಠಾಣೆಗೆ ಫೋನ್ ಹಚ್ಚಿದರು.

"ಜೀಪು ಸಾಲಲ್ಲ, ವ್ಯಾನೇ ತರ್ರಿ. ಇವನ ನೆಂಟರು ಬಾಳ ಜನ ಅವ್ರಂತೆ."