ಸೀಟಿನ ಸುಗ್ಗಿ

ಪಿಯುಸಿ ರಿಸಲ್ಟ್ ಬಂತೆಂದರೆ ಹಡಗಲಿಯ ನಮ್ಮ ಮನೆಯ ಪಡಸಾಲೆ ನಮ್ಮದಾಗಿ ಉಳಿಯುವುದಿಲ್ಲ. ನಾನು ಇಲ್ಲಿನ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಡಂ. ವರ್ಷವಿಡೀ ಪಾಠ ಮಾಡುವಾಗ ಒಬ್ಬ ಪಾಲಕರೂ ಇತ್ತ ತಲೆ ಹಾಕುವುದಿಲ್ಲ. ಸಿಇಟಿ, ಸೀಟು, ಆಪ್ಷನ್ ಅಂತ ಶುರುವಾಯಿತೋ, ಕೂಡ್ಲಿಗಿಯಿಂದ ಹರಪನಹಳ್ಳಿವರೆಗಿನ ಪರಿಚಯದವರೆಲ್ಲ ಮಗುವನ್ನೂ ಮಗುವಿನ ಸೋದರಮಾವನನ್ನೂ ಕಟ್ಟಿಕೊಂಡು ಬಂದು ಕೂರುತ್ತಾರೆ. ಚಹಾ ಸೋಸುವುದರಲ್ಲಿ ನನ್ನ ಗಂಡನ ಕೈ ಪಳಗಿದ್ದು ಹೀಗೆಯೇ. ನಗು ತಡೆಯಲಾಗದ ಪ್ರಸಂಗ ಪ್ರತಿವರ್ಷ ಒಂದಾದರೂ ಆಗುತ್ತದೆ. ಈ ವರ್ಷ ಮಾತ್ರ ನಗುವ ಸರದಿ ಬೇರೆಯವರದಾಯಿತು. ಯಾಕೆಂದರೆ ಅರ್ಜಿ ಹಾಕಿದವಳು ನಮ್ಮ ಮನೆಯಲ್ಲೇ ಇದ್ದು ಓದಿದ ನನ್ನ ಅಣ್ಣನ ಮಗಳು. ಅದನ್ನು ಕೊನೆಗೆ ಹೇಳುತ್ತೇನೆ, ಸ್ವಲ್ಪ ಧೈರ್ಯ ಬರಲಿ.

ಅಜ್ಜನ ಗುಟ್ಟು

ಕೊಟ್ಟೂರಿನ ಕಿರಾಣಿ ಅಂಗಡಿಯವರೊಬ್ಬರು ಮಗನ ಅರ್ಜಿ ತುಂಬಿಸಲು ಬಂದಿದ್ದರು. ಯಾರ ಮೊಬೈಲ್ ನಂಬರ್ ಕೊಟ್ಟಿದ್ದೀರಿ ಎಂದು ಕೇಳಿದೆ.

"ಮನಿಗೆ ಹಿರೇರು ನಮ್ಮಪ್ಪಾರು. ಅವರದು ಬಿಟ್ಟು ನನ್ನದು ಹಾಕಿದ್ರ ಚೆಂದ ಕಾಣಂಗಿಲ್ಲ ನೋಡ್ರಿ."

ಹಿರಿಯರು ಆ ಹೊತ್ತಿಗೆ ಉಜ್ಜಿನಿಗೆ ಪಾದಯಾತ್ರೆ ಹೊರಟಿದ್ದರು, ಫೋನು ಅವರ ಅಂಗಿಯ ಒಳಜೇಬಿನಲ್ಲಿ. ಇಲ್ಲಿಂದ ಓಟಿಪಿ ಹೋಯಿತು. ಮಗ ಫೋನ್ ಮಾಡಿ, "ಯಪ್ಪಾ, ಈಗೊಂದು ಮೆಸೇಜ್ ಬಂದೈತಿ, ಅದರಾಗಿನ ನಂಬರ್ ಹೇಳು" ಎಂದರು. ಅಜ್ಜನಿಗೆ ಅಂಕಿ ಬರುತ್ತದೆ, ಇಂಗ್ಲಿಷ್ ಬಾರದು. ಜೊತೆಗೆ ನಡೆಯುತ್ತಿದ್ದ ಯಾವುದೋ ಕಾಲೇಜು ಹುಡುಗಿಯ ಕೈಯಲ್ಲಿ ಓದಿಸಿದರು. ಆಕೆ ಪಾಪ, ಮೆಸೇಜನ್ನು ಪೂರ್ತಿ ಓದಿ ಅರ್ಥವನ್ನೂ ಹೇಳಿದಳು. ಅಜ್ಜ ಮತ್ತೆ ಫೋನ್ ಹಿಡಿದಾಗ ದನಿ ತಗ್ಗಿತ್ತು.

"ನಂಬರ್ ಗೊತ್ತಾತಪಾ. ಆದ್ರ ಯಾರಿಗೂ ಹೇಳಬ್ಯಾಡ್ರಿ ಅಂತ ಬರದಾರ."

"ನಾ ನಿನ್ನ ಮಗ ಅಲ್ಲೇನು?"

"ಮಗನಿಗೆ ಹೇಳಬೌದು ಅಂತ ಎಲ್ಲೂ ಬರದಿಲ್ಲ."

ಮರುದಿನ ಅಜ್ಜ ಫೋನಿನ ಸಮೇತ ನಮ್ಮ ಮನೆಗೇ ಬಂದರು. ಹೊಸ ಓಟಿಪಿ ಬಂದ ಕೂಡಲೇ ಮಗನನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ನನ್ನ ಕಿವಿಯಲ್ಲಿ ಹೇಳಿದರು.

ಲಗ್ನಪತ್ರಿಕೆಯ ಕ್ರಮ

ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಹಾಕುವುದಕ್ಕೆ ಆಪ್ಷನ್ ಅನ್ನುತ್ತಾರೆ. ಹರಪನಹಳ್ಳಿಯ ಗುಮಾಸ್ತರೊಬ್ಬರು ಈ ಕ್ರಮವನ್ನು ಮನೆಯಲ್ಲೇ ಕೂತು ತೀರ್ಮಾನಿಸಿಕೊಂಡು ಬಂದಿದ್ದರು. ಮೊದಲು ದಾವಣಗೆರೆ, ಆಮೇಲೆ ಬಳ್ಳಾರಿ, ಆಮೇಲೆ ಶಿವಮೊಗ್ಗ. ಅವರ ಮಗ ಹೋಗಬೇಕೆಂದಿದ್ದ ಗದಗ ಕಟ್ಟಕಡೆಗೆ.

"ಇದ್ಯಾಕೆ ಹೀಗೆ?" ಎಂದೆ.

"ದಾವಣಗೆರೆಲಿ ನಮ್ಮ ದೊಡ್ಡಣ್ಣ ಇದಾರ್ರಿ. ಬಳ್ಳಾರಿಲಿ ಎರಡನೇ ಅಣ್ಣ, ಶಿವಮೊಗ್ಗದಲ್ಲಿ ಅಕ್ಕ. ಹಿರಿಯರನ್ನ ಬಿಟ್ಟು ಗದಗನ್ನ ಮೊದ್ಲು ಹಾಕಿದ್ರೆ ನಾಳೆ ಮಾತು ಬರುತ್ತೆ. ಸುಮ್ನೆ ಮರ್ಯಾದೆಗೆ ಹಾಕಿರೋದು ಮೇಡಂ, ಸಿಗೋದು ಗದಗೇ."

ಎಷ್ಟು ಹೇಳಿದರೂ ಕೇಳಲಿಲ್ಲ. ಲಗ್ನಪತ್ರಿಕೆಯಲ್ಲಿ ಹೆಸರು ಹಾಕಿಸುವ ಹಾಗೆ ಹಾಕಿಸಿಯೇ ಹೋದರು. ಅಣಕು ಸೀಟು ಹಂಚಿಕೆ ಬಂದಾಗ ದೊಡ್ಡಣ್ಣನ ದಾವಣಗೆರೆಯೇ ಸಿಕ್ಕಿತ್ತು. ಕ್ರಮ ಬದಲಿಸಲು ಇನ್ನೂ ಅವಕಾಶವಿತ್ತು, ಆದರೆ ಗುಮಾಸ್ತರಿಗೆ ಅಣ್ಣನನ್ನು ಕೆಳಗಿಳಿಸುವ ಮನಸ್ಸಿಲ್ಲ, ಮಗನ ಮುಖ ನೋಡುವ ಧೈರ್ಯವೂ ಇಲ್ಲ. ಅಷ್ಟರಲ್ಲಿ ದೊಡ್ಡಣ್ಣನೇ ನನಗೆ ಫೋನ್ ಮಾಡಿದರು.

"ಮೇಡಂ, ನಮ್ದು ಚಿಕ್ಕ ಮನೆ. ನಮ್ಮನ್ನ ಕೆಳಗೆ ಹಾಕಿ, ನಮಗೇನೂ ಬೇಜಾರಿಲ್ಲ. ನಾನು ಹೇಳಿದೆ ಅಂತ ಮಾತ್ರ ತಮ್ಮನಿಗೆ ಹೇಳ್ಬೇಡಿ."

ಆಗಲಿ ಎಂದು ಫೋನ್ ಇಟ್ಟೆ. ಚಹಾ ಕುಡಿದು ಮುಗಿಸುವುದರೊಳಗೆ ಅವರ ಹೆಂಡತಿಯ ಫೋನು.

"ಕೆಳಗಲ್ಲ ಮೇಡಂ. ಪೂರ್ತಿ ತೆಗೆದುಬಿಡಿ."

ಬಸ್ಸು ಹತ್ತಿದ ಕೂರಿಗೆ

ಈಗ ನಮ್ಮ ಮನೆಯದು. ಅಣ್ಣನದು ಇಟ್ಟಿಗಿಯಲ್ಲಿ ಹೊಲ. ಮಗಳು ಹುಟ್ಟಿದಾಗಲೇ ಅವನದೊಂದು ಹಟ: "ನನ್ನ ಮಗಳ ಕಾಲಿಗೆ ಮಣ್ಣು ಹತ್ತಬಾರದು." ರಜೆಗೆ ಊರಿಗೆ ಹೋದರೂ ಹುಡುಗಿಯನ್ನು ಪುಸ್ತಕ ಕೊಟ್ಟು ಒಳಗೆ ಕೂರಿಸುತ್ತಿದ್ದ. ಹೊಲಕ್ಕೆ ಬುತ್ತಿ ಒಯ್ಯಲೂ ಬಿಡುತ್ತಿರಲಿಲ್ಲ. ಅಂಥ ಹುಡುಗಿ ಪಿಯುಸಿ ಮುಗಿಸಿ, "ಅತ್ತಿ, ನಾ ಬಿಎಸ್ಸಿ ಅಗ್ರಿನ ಓದಾಕಿ" ಎಂದು ಕೂತಳು.

ಅಣ್ಣ ಬಂದವನೇ, "ಹೊಲ ಬ್ಯಾಡ ಅಂತ ಓದಿಸಿದ್ರ, ಓದಿ ಹೊಲಕ್ಕ ಬರ್ತೀನಿ ಅಂತೀಯೇನವ್ವಾ?" ಎಂದ. ಅವಳು ಅತ್ತಳು, ಊಟ ಬಿಟ್ಟಳು. ಮಗಳು ಊಟ ಬಿಟ್ಟರೆ ಅಣ್ಣನಿಗೂ ತುತ್ತು ಇಳಿಯುವುದಿಲ್ಲ, ಒಪ್ಪಿಕೊಂಡ. ಆದರೆ ಅವಳ ಅಂಕಕ್ಕೆ ಸೀಟು ಸಿಗಬೇಕೆಂದರೆ ರೈತರ ಮಕ್ಕಳಿಗೆಂದು ಇಟ್ಟ ಸೀಟಿನಲ್ಲೇ ಸಿಗಬೇಕು. ಅದಕ್ಕೊಂದು ಪರೀಕ್ಷೆ ಉಂಟು: ಬೀಜ, ಗೊಬ್ಬರ, ಬೇಸಾಯದ ಸಾಮಾನು ಮುಂದಿಟ್ಟು ಇದೇನು ಎಂದು ಕೇಳುತ್ತಾರೆ. ಅದರಲ್ಲಿ ಸೋತರೆ ಇಲ್ಲೇ ಬಿಕಾಂ ಎಂದು ಅಣ್ಣ ಹೇಳಿಬಿಟ್ಟ.

ಹುಡುಗಿಗೆ ಗೊತ್ತಿದ್ದದ್ದು ಜೋಳ ಒಂದೇ, ಅದೂ ರೊಟ್ಟಿಯಾದ ಮೇಲೆ.

"ಊರಿಗೆ ಕರಕೊಂಡು ಹೋಗಿ ಹೊಲ ತೋರಿಸಣ್ಣ" ಎಂದೆ.

"ಆಕಿ ಹೊಲಕ್ಕ ಬರೋದು ಬ್ಯಾಡ. ಹೊಲಾನ ಆಕಿ ಕಡೆ ತರ್ತೀನಿ" ಎಂದ. ಹಟ ಅಂದರೆ ಹಟ.

ಹಾಗೆ ಒಂದು ಬೆಳಿಗ್ಗೆ ಕುಂಟೆ, ಕುಡುಗೋಲು, ಬೀಜ ಬಿತ್ತುವ ಕೂರಿಗೆ ಎಲ್ಲವನ್ನೂ ಹೊತ್ತು ಇಟ್ಟಿಗಿಯಲ್ಲಿ ಬಸ್ಸು ಹತ್ತಿದ. ಹಿಂದೆಯೇ ನಮ್ಮವ್ವ, ಸೆರಗಿನ ತುಂಬ ಬೀಜದ ಗಂಟುಗಳು. ಕೂರಿಗೆ ಬಾಗಿಲಿಗೆ ಅಡ್ಡ ಸಿಕ್ಕಿಕೊಂಡು, ಇಳಿಯುವವರು ಇಳಿಯಲಾರದೆ ಹತ್ತುವವರು ಹತ್ತಲಾರದೆ ಗದ್ದಲವಾಯಿತಂತೆ.

"ಯಜಮಾನ್ರ, ಇದಕ್ಕ ಯಾವ ಟಿಕೆಟ್ ಕೊಡ್ಲಿ?" ಎಂದು ಕಂಡಕ್ಟರ್ ಸಿಡುಕಿದರೆ, ನಮ್ಮಣ್ಣ ಅಷ್ಟೇ ಗಂಭೀರವಾಗಿ ಹೇಳಿದ: "ಹಡಗಲಿಗೆ ಓದಾಕ ಹೊಂಟೈತ್ರಿ. ವಿದ್ಯಾರ್ಥಿ ಪಾಸ್ ಕೊಡ್ರಿ."

ಹಲ್ಲಿನ ಪರೀಕ್ಷೆ

ನಮ್ಮ ಪಡಸಾಲೆಯಲ್ಲಿ ಪಾಠ ಶುರುವಾಯಿತು. ಸಾಮಾನುಗಳನ್ನು ಹುಡುಗಿ ಬೇಗ ಕಲಿತಳು. ಬೀಜಗಳದ್ದೇ ಕಷ್ಟ. ರಾಗಿಯನ್ನು ಸಾಸಿವೆ ಎನ್ನುತ್ತಿದ್ದಳು, ಉಳ್ಳಾಗಡ್ಡಿ, ಅಂದರೆ ಈರುಳ್ಳಿ ಬೀಜ ಇಟ್ಟರೆ ಕರಿ ಎಳ್ಳು ಎನ್ನುತ್ತಿದ್ದಳು. ಅಣ್ಣ ತಲೆ ತಲೆ ಚಚ್ಚಿಕೊಂಡ. ಅವ್ವ ಮಾತ್ರ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, "ಕಣ್ಣಿಗೆ ತಿಳೀಲಿಲ್ಲಂದ್ರ ಹಲ್ಲಿಗೆ ಹಾಕವ್ವ. ನಾ ಸಂತ್ಯಾಗ ಬೀಜ ತಗೊಳ್ಳೋದು ಹಂಗ" ಎಂದಳು. ಆಮೇಲೆ ಅಜ್ಜಿ ಮೊಮ್ಮಗಳು ಇಬ್ಬರೂ ಮೇಯುತ್ತಲೇ ಓದಿದರು.

ಪರೀಕ್ಷೆಯ ದಿನ ನಾನೂ ಅಣ್ಣನೂ ಗೇಟಿನ ಹೊರಗೆ ನಿಂತಿದ್ದೆವು. ಅಣ್ಣ, ಒಳಗೆ ಹೋಗಿ ಬಂದವರನ್ನೆಲ್ಲ ಏನು ಕೇಳಿದರು ಎಂದು ಪೀಡಿಸುತ್ತಿದ್ದ. ಹುಡುಗಿ ಹೊರಗೆ ಬಂದಳು. ಮುಖ ಕೆಂಪಾಗಿತ್ತು, ದುಪಟ್ಟಾ ಒದ್ದೆಯಾಗಿತ್ತು.

ಒಳಗೆ ಆದದ್ದು ಇಷ್ಟು. ಎಲ್ಲವನ್ನೂ ಸರಿಯಾಗಿ ಹೇಳಿದ್ದಾಳೆ. ಕೊನೆಯ ತಟ್ಟೆಯಲ್ಲಿ ಕರಿ ಬೀಜ. ಎಳ್ಳೋ ಉಳ್ಳಾಗಡ್ಡಿಯೋ ತಿಳಿಯಲಿಲ್ಲ. ಕಣ್ಣಿಗೆ ತಿಳಿಯದಿದ್ದರೆ ಮುಂದೇನು ಎಂಬುದು ಗೊತ್ತಿತ್ತಲ್ಲ, ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಿದ್ದಾಳೆ. ಪರೀಕ್ಷೆ ಮಾಡುತ್ತಿದ್ದ ಹಿರಿಯ ಮೇಷ್ಟ್ರು ಕುರ್ಚಿ ಬಿಟ್ಟು ಎದ್ದು, "ಅಯ್ಯೋ, ಉಗುಳಮ್ಮ, ಉಗುಳು! ಬಿತ್ತನೆ ಬೀಜ ಅದು, ಔಷಧಿ ಹಚ್ಚಿದೆ!" ಎಂದು ಕೂಗಿದ್ದಾರೆ. ಯಾರೋ ನೀರು ತಂದರು. ಇವಳು ಬಾಯಿ ಮುಕ್ಕಳಿಸುತ್ತ, ಉಗುಳುತ್ತ, ನಡುವೆ ಉತ್ತರವನ್ನೂ ಹೇಳಿದ್ದಾಳೆ: "ಉಳ್ಳಾಗಡ್ಡಿ ಬೀಜರೀ ಸರ್."

ಮೇಷ್ಟ್ರು ಮತ್ತೆ ಕೂತು ಬೆವರು ಒರೆಸಿಕೊಂಡರಂತೆ. "ಬೆಳಿಗ್ಗೆಯಿಂದ ಹೆಸರು ಬಾಯಿಪಾಠ ಮಾಡಿದವರೇ ಬಂದಿದ್ದಾರೆ. ಬೀಜ ಕಂಡ ಕೂಡಲೇ ಕೈ ಬಾಯಿಗೆ ಹೋದದ್ದು ನಿನ್ನದೊಂದೇ. ನೀನು ರೈತರ ಮನೆಯವಳು ಅನ್ನೋದಕ್ಕೆ ನನಗೆ ಬೇರೆ ಸಾಕ್ಷಿ ಬೇಡ. ಆದರೆ ಇನ್ನು ಮೇಲೆ ಹೀಗೆ ತಿನ್ನಬೇಡ ತಾಯಿ."

ಸೀಟು ಸಿಕ್ಕಿತು. ಸುದ್ದಿ ಹೇಳಲು ಎಲ್ಲರೂ ಇಟ್ಟಿಗಿಗೆ ಹೋದೆವು. ಅವ್ವ ಹೊಲದಲ್ಲಿದ್ದಳು. ಹುಡುಗಿ ಅಭ್ಯಾಸಬಲದಿಂದ ಮನೆಯ ಕಟ್ಟೆಯ ಮೇಲೆ ಕೂರಲು ಹೋದಳು. ಅಣ್ಣ ಒಂದು ಗಳಿಗೆ ಅವಳನ್ನೇ ನೋಡಿದ. "ನೀನೂ ಬಾರವ್ವಾ" ಎಂದ. ಬದುವಿನ ಹತ್ತಿರ ಬಂದಾಗ, "ಚಪ್ಪಲಿ ಇಲ್ಲೇ ಬಿಡು, ಮಣ್ಣು ಮೆತ್ತಗೈತಿ" ಎಂದ. ನಾನು ಅಳುವನ್ನು ಕೆಮ್ಮಿನಲ್ಲಿ ಮುಚ್ಚಿದೆ.

ಅವ್ವನ ಮುಂದೆ ಇಡೀ ಕಥೆಯನ್ನು ಮೊದಲಿನಿಂದ ಹೇಳಿದೆವು. ಔಷಧಿ ಹಚ್ಚಿದ್ದು, ಮೇಷ್ಟ್ರು ಕೂಗಿದ್ದು, ಇವಳು ಉಗುಳುತ್ತ ಉತ್ತರ ಹೇಳಿದ್ದು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವ್ವ ಮಾತ್ರ ನಗಲಿಲ್ಲ. ಕಳೆ ಕೀಳುವುದನ್ನು ನಿಲ್ಲಿಸಿ ಮೊಮ್ಮಗಳ ಮುಖ ನೋಡಿದಳು.

"ಅದೆಲ್ಲಾ ಇರ್ಲಿ. ಬೀಜ ಗಟ್ಟಿ ಇತ್ತೋ, ಜೊಳ್ಳಿತ್ತೋ? ಅದನ್ನ ಕೇಳಲಾರದ ಹೆಂಗ ಪಾಸ್ ಮಾಡಿದಾ ಆ ಮಾಸ್ತರಾ?"