ಲೈಸನ್ಸಿನ ಬೆನ್ನ ಮ್ಯಾಲಿನ ಕೆಂಪು ಗೆರಿ

ಬರ್ರಿ, ಕಾಲು ಚಾಚಿ ಕುಂದರ್ರಿ. ಚಾ ಆರಿದ್ರ ಆರಲಿ, ಮತ್ತೊಮ್ಮೆ ಕಾಸೂಣು. ಹೊಳಿ ದಂಡಿ ಮ್ಯಾಗ ಸಂಸಾರ ಮಾಡಿದೋರಿಗೆ ಇಂಥವು ಒಂದಿಲ್ಲ ಒಂದು ನಡದ ಇರ್ತಾವ.

ನಾ ಹೇಳೋದು ಇಡೀ ಓಣಿಗೆ ಒಂದ ಟೀವಿ ಇದ್ದ ಕಾಲದ್ದು. ಸದಲಗಾದ ಹತ್ರ ದೂಧಗಂಗಾ ದಂಡಿಗೆ ನಮ್ಮದೊಂದು ತುಂಡು ಕಬ್ಬಿನ ಹೊಲ, ಮನ್ಯಾಗ ಒಂದು ಎಮ್ಮಿ. ನಮ್ಮ ಮನಿಯವರಿಗೆ ಮೀನಿನ ಹುಚ್ಚು. ಅವರಪ್ಪ ಸಾಯೋ ಮುಂದ ತನ್ನ ಕೈಯಾರೆ ಹೆಣದು ಕೊಟ್ಟ ಬಲಿ ಒಂದಿತ್ತು. ಅದಕ್ಕ ಚಿಕ್ಕೋಡಿಯಿಂದ ಲೈಸನ್ಸ್ ಮಾಡಿಸಿದ್ರು.

ಆಗ ಮೀನುಗಾರಿಕಿ ಇಲಾಖೆಯಿಂದ ಹೊಸಾ ಮೀನಿನ ಸಾಹೇಬ ಬಂದ. ವಯಸ್ಸು ಸಣ್ಣದು, ಶಿಸ್ತು ದೊಡ್ಡದು. ಬಂದ ದಿನಾನ ಹೇಳಿದ: "ಕಾಯ್ದೆ ಮುರದ್ರ ಲೈಸನ್ಸಿನ ಬೆನ್ನಿಗೆ ಒಂದು ಕೆಂಪು ಗೆರಿ. ಮೂರು ಗೆರಿ ಆದ್ರ ಲೈಸನ್ಸೂ ಹೋತು, ಬಲೀನೂ ಜಪ್ತಿ."

ನಮ್ಮವರು ಅವತ್ತು ರೊಟ್ಟಿ ಅರ್ಧಕ್ಕ ಬಿಟ್ಟೆದ್ರು. ಅಪ್ಪನ ಬಲಿ ಅದು.

ಒಂದು: ಗೇಣು

"ಗೇಣಿಗಿಂತ ಸಣ್ಣ ಮೀನು ಸಿಕ್ರ ತಿರುಗಿ ಹೊಳಿಗೆ ಬಿಡಬೇಕು" ಅಂತ ಸಾಹೇಬ ಹೇಳಿದ್ದ. ನಮ್ಮವರ ಕೈ ಅಂದ್ರ ಮರದ ಹಾಂಗ. ಅವರ ಗೇಣಿಗೆ ಎಂಥಾ ಮೀನೂ ಸಣ್ಣದಾ. ನಂದೋ, ಬಳಿಗಾರ ಹುಡುಗೂರ ಬಳಿ ಹುಡುಕಿ ಇಡಸೋವಂಥಾ ಕೈ.

"ಏ, ನಾಳಿಂದ ನೀ ಹೊಳಿಗೆ ಬಾ" ಅಂದ್ರು.

"ನಾ ಬಂದು ಏನ ಮಾಡ್ಲಿ?"

"ಏನೂ ಮಾಡಬ್ಯಾಡ. ಕೈ ಅಷ್ಟ ತಗೊಂಡು ಬಾ."

ಹಿಂಗ ಹದಿನೈದು ದಿನ ಹೋದೆ. ಅವರು ಮೀನು ಹಿಡಿಯೋದು, ನಾ ಗೇಣು ಹಾಕೋದು. ಒಂದಿನ ಸಾಹೇಬ ಬುಟ್ಟಿ ಮುಚ್ಚಳ ತಗದ.

"ಇವೆಲ್ಲಾ ಮರಿ ಅದಾವಲ್ರಿ, ಕಾಕಾ!"

"ಗೇಣು ಸರಿ ಐತ್ರಿ, ಸಾಹೇಬ್ರ."

"ಯಾರ ಗೇಣು?"

ನಮ್ಮವರು ನನ್ನ ಕೈ ಹಿಡದು ಮುಂದ ಮಾಡಿದ್ರು.

"ಯಾರದು ಅಂತ ನೀವೂ ಹೇಳಿರಲಿಲ್ಲಲ್ರಿ" ಅಂದೆ ನಾ. ಸಾಹೇಬ ನನ್ನ ಕೈ ನೋಡಿದ, ತನ್ನ ಪುಸ್ತಕ ತಿರುವಿದ, ಮತ್ತ ನನ್ನ ಕೈ ನೋಡಿದ. ಕಡೀಗೆ ಮೀನೆಲ್ಲಾ ಹೊಳಿಗೆ ಬಿಡಿಸಿ ಒಂದನೇ ಗೆರಿ ಎಳದ. ಮರುದಿನ ಗುರುತು ಹಾಕಿದ ಕಟ್ಟಿಗಿ ಪಟ್ಟಿ ತಂದುಕೊಟ್ಟ.

ನಮ್ಮವರು ಆ ಪಟ್ಟಿ ನೋಡಿ ನಿಟ್ಟುಸಿರು ಬಿಟ್ರು: "ನಿನ್ನ ನೌಕರಿ ಹೋತ ನೋಡು."

ಎರಡು: ಗಡಿ

ನಮ್ಮ ದಂಡಿ ಕರ್ನಾಟಕ, ಆಚೆ ದಂಡಿ ಮಹಾರಾಷ್ಟ್ರ. ನಮ್ಮ ಲೈಸನ್ಸ್ ನಡೆಯೋದು ಅರ್ಧ ಹೊಳಿತನಕ. ನೀರಾಗ ಗೆರಿ ಯಾರು ಹೊಡದಾರ?

ಒಂದು ಮುಂಜಾನೆ ಗಾಳಕ್ಕ ದೊಡ್ಡ ಬಾಳಿಮೀನು ಬಿತ್ತು. ಅದು ನಮ್ಮವರನ್ನ ಎಳಕೊಂಡು ಹೊಂಟಿತು. ಸೊಂಟದ ಮಟ, ಎದಿ ಮಟ, ಕುತಗಿ ಮಟ. ಈಜು ಅಷ್ಟಕ್ಕಷ್ಟ. ನಾ ದಂಡಿ ಮ್ಯಾಲೆ ಸೆರಗು ಬಾಯಿಗೆ ಹಿಡಕೊಂಡು ನಿಂತೇನಿ.

ಅವಾಗಾ ನಮ್ಮ ಸಾಹೇಬ ಸೈಕಲ್ ಮ್ಯಾಲೆ ಬರಬೇಕಾ! "ಗಾಳ ಬಿಡ್ರಿ ಕಾಕಾ, ಗಡಿ ದಾಟೀರಿ!"

ಆ ದಂಡಿಗೂ ಒಬ್ಬ ಸಾಹೇಬ. "ಓ ಕಾಕಾ, ತಿಕಡೇಚ ಥಾಂಬಾ!" ಅಲ್ಲೇ ನಿಲ್ಲು ಅಂತ ಮರಾಠ್ಯಾಗ ಅಂವನ ಕೂಗು.

ನಮ್ಮವರು ನೀರು ಉಗುಳಿ ಒದರಿದ್ರು: "ನಾ ದಾಟಿಲ್ರೋ! ಮೀನಾ ದಾಟೈತಿ!"

"ಅಲ್ರಿ, ಜೀವ ಹೋದ ಮ್ಯಾಲೆ ಗಡಿ ತಗೊಂಡು ಏನ ಮಾಡ್ತೀರಿ? ಬಿಡ್ರಿ ಅದನ್ನ!" ಅಂತ ನಾ ಚೀರಿದೆ.

ಅಷ್ಟರಾಗ ದಾರ ಹರೀತು. ನಮ್ಮವರು ಅಂಗಾತ ಬಿದ್ದು ತೇಲಿ ಬಂದ್ರು. ಎರಡೂ ದಂಡ್ಯಾಗ ಎರಡೂ ಸಾಹೇಬ್ರು ಬರಕೊಂಡ್ರು. ಎರಡನೇ ಗೆರಿ ಬಿತ್ತು.

ಮೀನು ಮಾತ್ರ ಎರಡೂ ರಾಜ್ಯದಾಗ ಲೈಸನ್ಸ್ ಇಲ್ಲದ ಆರಾಮ ಅಡ್ಡಾಡಿತು.

ಮೂರು: ಉಪವಾಸ

ಮಳಿಗಾಲದಾಗ ಮೀನು ಮರಿ ಮಾಡ್ತಾವಂತ ಎರಡು ತಿಂಗಳು ಹಿಡಿಯೂದು ಬಂದ್. ನಮ್ಮವರು ಬಲಿ ಮಡಚಿ ಅಟ್ಟಕ್ಕ ಇಟ್ಟು, ದಿನಾ ಒಮ್ಮೆ ಏಣಿ ಹಾಕಿ ನೋಡಿ ಇಳೀತಿದ್ರು. ಇನ್ನೊಂದು ಗೆರಿ ಬಿದ್ರ ಅಟ್ಟ ಖಾಲಿ.

ಆ ವರ್ಷ ಹೊಳಿ ಉಕ್ಕಿ ಕಬ್ಬಿನ್ಯಾಗ ಹೊಕ್ಕಿತು. ನೀರು ಇಳದ ಮ್ಯಾಲೆ ನೋಡಿದ್ರ ಸಾಲಿನ ಕೆಸರಿನ್ಯಾಗ ತೊಡಿ ಗಾತ್ರದ ಮರಳ ಅನ್ನೋ ಜಾತಿ ಮೀನು! ಶ್ರಾವಣ ಮುಗಿಯಾಕ ಮೂರು ದಿನ ಬಾಕಿ. ಶ್ರಾವಣದಾಗ ತಿನ್ನಂಗಿಲ್ಲ, ಬಿಡಾಕ ಮನಸಿಲ್ಲ. "ಮೂರು ದಿನ ಸಾಕೂಣು" ಅಂತ ಎಮ್ಮಿ ನೀರು ಕುಡಿಯೋ ಕಲ್ಲಿನ ಬಾನ್ಯಾಗ ಬಿಟ್ಟು, ಮ್ಯಾಲೆ ಕಬ್ಬಿನ ಸೋಗಿ ಹರವಿದ್ವಿ.

ಸೋಮವಾರ ಮುಂಜಾನೆ ಸಾಹೇಬ ಛತ್ರಿ ಹಿಡಕೊಂಡು ಅಂಗಳಕ್ಕ ಬಂದ. ಎಮ್ಮಿ ಬಾನಿಗೆ ಮೂತಿ ಇಡತೈತಿ, ಬುಸ್ ಅಂತ ಹಿಂದಕ್ಕ ಸರಿತೈತಿ.

"ಯಾಕ ಕಾಕು, ಎಮ್ಮಿ ನೀರು ಕುಡಿವಲ್ದು?"

ನನ್ನ ಬಾಯಿಂದ ಬಂದುಬಿಡ್ತು: "ಶ್ರಾವಣ ಸೋಮವಾರ ಅಲ್ರಿ? ಉಪವಾಸ ಹಿಡದೈತಿ."

"ಎಮ್ಮಿ?"

"ಮನಿ ಮಂದೀನ ನೋಡಿ ನೋಡಿ ರೂಢಿ ಆಗೇತ್ರಿ."

"ಉಪವಾಸದಾಗ ನೀರು ನಡೀತೈತೆಲ್ರಿ?"

"ಅದರದು ಭಾಳ ಕಟ್ಟುನಿಟ್ಟು ರೀ."

ಆಗ ಮರಳ ಬಾಲ ಬಡೀತು. ಸಾಹೇಬನ ಅಂಗಿ ತೊಯ್ದು ತೊಪ್ಪಿ.

ಸೋಗಿ ಸರಿಸಿ ನೋಡಿದ. ಕೆಂಪು ಪೆನ್ನು ತಗದ. ನಮ್ಮವರು ಒಳಗ ಓಡಿ ಹೊಲದ ಉತಾರದ ಕಾಗದ ತಂದ್ರು. "ಸಾಹೇಬ್ರ, ನಾ ಹೊಳಿಗೆ ಹೋಗಿಲ್ರಿ. ಅದಾ ನನ್ನ ಹೊಲಕ್ಕ ಬಂದೈತಿ. ನೋಡ್ರಿ, ಹೊಲ ನನ್ನ ಹೆಸರಲೇ ಐತಿ!"

ಸಾಹೇಬ ಕಟ್ಟಿ ಮ್ಯಾಲೆ ಕುಂತ. ಒಂದು ತೊಡಿ ಮ್ಯಾಲೆ ಕಾಯ್ದೆ ಪುಸ್ತಕ, ಒಂದು ತೊಡಿ ಮ್ಯಾಲೆ ಉತಾರ. ಅದನ್ನ ಓದತಾನ, ಇದನ್ನ ಓದತಾನ. ನಮ್ಮವರ ಕಣ್ಣು ಅಟ್ಟದ ಮ್ಯಾಲೆ. ನನಗ ತಡಕೊಳ್ಳಾಕ ಆಗಲಿಲ್ಲ.

"ಸುಳ್ಳ ಯಾಕ ಹೇಳ್ಲಿ, ತಿನ್ನಾಕಾ ಇಟ್ಟಿದ್ವಿ. ಆದ್ರ ಈಗ ಹೊಟ್ಟಿ ನೋಡಿದೆ, ಅದು ಬಸುರಿ ಐತ್ರಿ. ಮೊದಲ ಹೊಳಿಗೆ ಬಿಟ್ಟು ಬರೂಣು, ಆಮ್ಯಾಲೆ ಗೆರಿ ಎಳೀರಿ."

ಪೆನ್ನು ಕಿಸೆಗೆ ಹೋಗಲಿಲ್ಲ, ಕಿವಿಗೆ ಏರಿತು. "ನಡೀರಿ" ಅಂದ.

ತಾಮ್ರದ ಕೊಡದಾಗ ಮೀನು, ಕೊಡ ನನ್ನ ತಲಿ ಮ್ಯಾಲೆ. ಜೋರು ಮಳಿ. ಮಳಿಗೆ ಬೆದರಿ ಮೀನು ಜಿಗೀತೈತಿ ಅಂತ ಸಾಹೇಬ ಕೊಡದ ಮ್ಯಾಲೆ ಛತ್ರಿ ಹಿಡದ. ಮೀನೊಂದನ್ನ ಬಿಟ್ಟು ನಾವು ಮೂರೂ ಮಂದಿ ತೊಯ್ಸಿಕೊಂಡ್ವಿ.

ನಮ್ಮ ಕಡೆ ಹೊಳಿ ತುಂಬಿದಾಗ ಹೆಣ್ಮಕ್ಕಳು ಗಂಗವ್ವಗ ಉಡಿ ತುಂಬ್ತಾರ. ಕೊಡ, ಛತ್ರಿ ನೋಡಿ ಓಣಿ ಹೆಂಗಸರು ಅದಾ ಅಂತ ತಿಳಕೊಂಡ್ರು. "ಒಬ್ಬಾಕೀನಾ ಹೊಂಟಿಯೇನ ಬೇ?" ಅಂತ ಒಬ್ಬಾಕಿ ಆರತಿ ತಂದ್ಲು, ಒಬ್ಬಾಕಿ ಕುಪ್ಪಸದ ಕಣ. ಕೊಡಕ್ಕ ಕುಂಕುಮ ಬಿತ್ತು. ನಾ ಬಾಯಿ ಬಿಚ್ಚಲಿಲ್ಲ. ಬಿಚ್ಚಿದ್ರ ಮೂರನೇ ಗೆರಿ ಊರ ಮುಂದ. ಹೊಳಿ ಮುಟ್ಟೋದ್ರಾಗ ಹಿಂದ ಇಪ್ಪತ್ತು ಮಂದಿ, ಹಾಡು ಬ್ಯಾರೆ.

ಕೊಡ ಬಗ್ಗಿಸಿದೆ. ಮರಳ ಒಮ್ಮೆ ಮಿಂಚಿ ಹೊಳಿ ಪಾಲಾತು.

"ಗಂಗವ್ವ ಮೀನಾಗಿ ಹ್ವಾದ್ಲು!" ಅಂತ ಎಲ್ಲಾರೂ ಕೈ ಮುಗದ್ರು. ಒಂದು ಮುದುಕಿ ಛತ್ರಿ ಹಿಡದ ಸಾಹೇಬನ ಕಾಲಿಗೆ ಬಿದ್ದು ಉಡಿ ತೆಂಗಿನಕಾಯಿ ಅವನ ಕೈಯಾಗ ಇಟ್ಟಳು. ಸಾಹೇಬ ಕಿವಿ ಮ್ಯಾಲಿನ ಪೆನ್ನು ಮುಟ್ಟಿದ, ಕಾಯಿ ನೋಡಿದ, ಮೆಲ್ಲಕ ನನಗ ಕೇಳಿದ: "ಇದನ್ನ ನಾ ಹ್ಯಾಂಗ ಬರಕೊಳ್ಳಲಿ, ಕಾಕು?"

ಬರಕೊಳ್ಳಲೇ ಇಲ್ಲ.

ಮುಂದ ಸಾಹೇಬಗ ಅಥಣಿಗೆ ವರ್ಗ ಆತು. ಮದುವಿ ಆದ ಮ್ಯಾಲೆ ಹೆಂಡತೀನ ಕರಕೊಂಡು ಬಂದು, ನನ್ನ ಗೇಣು ತೋರಿಸಿ ಹೋದ. ನಮ್ಮವರು ಕಡೀತನಾ ಎರಡಾ ಗೆರಿ ಇಟ್ಟುಕೊಂಡು ಹ್ವಾದ್ರು. ಲೈಸನ್ಸ್ ಉತಾರದಾಗ ಸುತ್ತಿ ಟ್ರಂಕಿನ್ಯಾಗ ಇಟ್ಟೇನಿ, ಬಲಿ ಅಟ್ಟದ ಮ್ಯಾಲಾ ಐತಿ. ಓಣಿ ಹೆಂಗಸರು ಇವತ್ತಿಗೂ ಶ್ರಾವಣದ ಕಡೀ ಸೋಮವಾರ ಹೊಳಿಗೆ ಉಡಿ ತುಂಬ್ತಾರ, ಮೀನು ಬರ್ತೈತೇನಂತ ನೋಡ್ತಾರ. ನಾನೂ ನೋಡ್ತೀನಿ.

ಇನ್ನ ಎಮ್ಮಿ. ಅದು ಸಾಯೋತನಕ ಆ ಬಾನಿಗೆ ಮೂತಿ ಹಚ್ಚಲಿಲ್ಲ. ಒಳಗ ಬಕೀಟಿನ್ಯಾಗ ಕುಡಿಸೋದು ನಮಗಷ್ಟ ಗೊತ್ತು. ನನ್ನ ಉಪವಾಸದ ಮಾತು ಊರಾಗ ಹಬ್ಬಿತ್ತು; ಮಂದಿ ಮಾತ್ರ ಅಂಗಳದಾಗ ಅದನ್ನ ನೋಡಿ ಕೈ ಮುಗೀತಿದ್ರು: "ಏನು ಪುಣ್ಯದ ಎಮ್ಮಿ ಬೇ, ವಾರಪೂರ್ತಿ ಉಪವಾಸ!"