ರೀಮಳ ತಾಯಿಯ ತಾಯಿಯ ತಾಯಿ

ಕುದುರೆ ಲಾಯದಲ್ಲಿ ಕೆಲಸ ಮಾಡುವವನಿಗೆ ನಗಲು ಬೇರೆ ಕಾರಣ ಹುಡುಕಬೇಕಾಗಿಲ್ಲ. ಇವತ್ತೊಂದು ದಿನ ಎಲ್ಲ ಸರಿಯಾಗಿ ನಡೆಯಲಿ ಎಂದು ನಾವು ಎಷ್ಟು ತಯಾರಿ ಮಾಡಿಕೊಳ್ಳುತ್ತೇವೋ ಅಷ್ಟೇ ಶ್ರದ್ಧೆಯಿಂದ ಕುದುರೆ ಅದನ್ನು ಕೆಡಿಸುತ್ತದೆ. ನಮ್ಮ ರೀಮ್ ಎಂಬ ಬೂದು ಬಣ್ಣದ ಹೆಣ್ಣು ಕುದುರೆಯಂತೂ ಈ ವಿಷಯದಲ್ಲಿ ಯಾರಿಗೂ ಕಡಿಮೆಯಿಲ್ಲ. ಕುದುರೆಗೆ ಬಿಡುವಿದ್ದ ದಿನ ಆ ಕೆಲಸ ನಾನೇ ಮಾಡಿದ್ದೇನೆ.

ಬಾತ್‌ರೂಮಿನಿಂದ ಲಾಯಕ್ಕೆ

ನಾನು ಕುವೈತಿಗೆ ಬಂದದ್ದು ಕುದುರೆಗಾಗಿ ಅಲ್ಲ. ರಾಯ್‌ನಲ್ಲಿ ನಮ್ಮ ಕಫೀಲರ, ಎಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿಯ, ಟೈಲ್ಸ್ ಶೋರೂಮ್ ಇದೆ. ಯಾರ ಬಾತ್‌ರೂಮಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಹೇಳುತ್ತ ಅಲ್ಲಿ ಕೂರುವುದು ನನ್ನ ಕೆಲಸವಾಗಿತ್ತು. ಕಫೀಲರಿಗೆ ಕಬ್ದ್ ಕಡೆಯ ಮರಳುಗಾಡಿನಲ್ಲಿ ಒಂದು ಲಾಯವೂ ಇತ್ತು, ಅವರ ಮನಸ್ಸೆಲ್ಲ ಅಲ್ಲೇ. ಲಾಯದ ಮ್ಯಾನೇಜರ್ ಕೆಲಸ ಬಿಟ್ಟು ಹೋದ ದಿನ ಅವರು ಶೋರೂಮಿಗೆ ಬಂದು, "ನಿಮ್ಮಲ್ಲಿ ಯಾರಿಗಾದರೂ ಪ್ರಾಣಿ ಓಡಿಸುವುದು ಗೊತ್ತಾ?" ಎಂದು ಕೇಳಿದರು.

ಟೈಲ್ಸ್ ನೋಡಿ ನೋಡಿ ಬೇಸತ್ತಿದ್ದ ನಾನು ತಕ್ಷಣ ಎದ್ದು ನಿಂತೆ. ನಮ್ಮ ಊರಿನಲ್ಲಿ ಕಂಬಳ ಇದೆ, ಕೆಸರುಗದ್ದೆಯಲ್ಲಿ ಕೋಣ ಓಡಿಸುತ್ತೇವೆ ಎಂದು ಮೊಬೈಲಿನಲ್ಲಿ ವಿಡಿಯೋ ತೋರಿಸಿದೆ. ನಾನು ಓಡಿಸಿದ್ದಲ್ಲ, ಬದಿಯಲ್ಲಿ ನಿಂತು ಬೊಬ್ಬೆ ಹೊಡೆದದ್ದು. ಅದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಕಫೀಲರು ವಿಡಿಯೋವನ್ನು ಮತ್ತೆ ಹಾಕಿಸಿ ನೋಡಿದರು. "ಒಳ್ಳೆಯ ಓಟ. ತಾಯಿ ಯಾರು?"

"ಯಾರ ತಾಯಿ, ಬಾಬಾ?"

"ಈ ಕೋಣದ ತಾಯಿ."

ಕೋಣದ ಯಜಮಾನ ಯಾರು, ಓಡಿಸಿದವನು ಯಾರು ಎಂದು ನಮ್ಮಲ್ಲಿ ಎಲ್ಲರೂ ಕೇಳುತ್ತಾರೆ. ತಾಯಿ ಯಾರೆಂದು ಕೇಳಿದವರನ್ನು ನಾನು ಕಂಡಿಲ್ಲ. ಗೊತ್ತಿಲ್ಲ ಎಂದೆ. ಅವರ ಮುಖ ಸಪ್ಪಗಾಯಿತು. ಗೆದ್ದ ಪ್ರಾಣಿಯ ತಾಯಿಯನ್ನೇ ವಿಚಾರಿಸದ ನೀವು ಎಂಥ ಜನ ಎಂಬಂತೆ ನನ್ನನ್ನು ನೋಡಿದರು. ಊರಿನ ಮರ್ಯಾದೆಯ ಪ್ರಶ್ನೆ ಬಂದಮೇಲೆ ನನಗೂ ಸುಮ್ಮನಿರಲಾಗಲಿಲ್ಲ.

"ಬಾಬಾ, ಕೋಣಕ್ಕೆ ಕೇಳುವುದಿಲ್ಲ ಹೌದು. ಆದರೆ ಮನುಷ್ಯರಿಗೆ ಕೇಳುತ್ತೇವೆ. ನಮ್ಮ ತುಳುನಾಡಿನಲ್ಲಿ ಮನೆತನ ನಡೆಯುವುದು ತಾಯಿಯ ಕಡೆಯಿಂದ. ನಾನು ನನ್ನ ತಾಯಿಯ ಕುಟುಂಬದವನು. ಅವಳು ಅವಳ ತಾಯಿಯ ಕುಟುಂಬದವಳು. ಹಾಗೇ ಹಿಂದೆ ಹಿಂದೆ ಹೋಗುತ್ತದೆ."

ಅರಬ್ಬಿ ಕುದುರೆಗಳ ವಂಶ ಎಣಿಸುವುದೂ ಹೀಗೇ, ತಾಯಿಯ ಕಡೆಯಿಂದ ಎಂದು ಆಗ ನನಗೆ ಗೊತ್ತಿರಲಿಲ್ಲ. ಕಫೀಲರು ಒಂದು ಹೆಜ್ಜೆ ಹಿಂದೆ ಸರಿದು, ಕಾಲಿನಿಂದ ತಲೆಯವರೆಗೆ ನನ್ನನ್ನು ನೋಡಿದರು.

"ಇಷ್ಟು ಒಳ್ಳೆಯ ತಳಿಯವನನ್ನು ನಾನು ಬಾತ್‌ರೂಮಿನ ಮಧ್ಯೆ ಕೂರಿಸಿದ್ದೇನೆ. ಖಲಾಸ್. ನಾಳೆಯಿಂದ ಲಾಯಕ್ಕೆ ಬಾ."

ಎಲ್ಲರಿಗಿಂತ ಹಿಂದೆ

ಕುದುರೆಗಳ ಆರೈಕೆ ಮಾಡುವ ಲಾಯದ ಹಿರಿಯ ಸಾಯಿಸ್ ಉಳ್ಳಾಲ ಕಡೆಯ ಬ್ಯಾರಿ. ನಾವು ಅವರನ್ನು ಇಚ್ಚ ಎಂದೇ ಕರೆಯುವುದು, ಬ್ಯಾರಿ ಭಾಷೆಯಲ್ಲಿ ಅಣ್ಣ ಎಂದು ಅರ್ಥ. ರೀಮ್ ಹುಟ್ಟಿದ್ದು ಇಚ್ಚನ ಕೈಯಲ್ಲಿ. ಅವಳು ಮೊದಲ ಸಲ ಎದ್ದು ನಿಲ್ಲಲು ಹೋಗಿ ಬಿದ್ದಾಗ ಆತುಕೊಂಡದ್ದು ನನ್ನ ಕಾಲು. ಆ ಮೇಲೆ ಅವಳನ್ನು ಕಂಡರೆ ನಮ್ಮಿಬ್ಬರಿಗೂ ಸ್ವಂತ ಮಗಳನ್ನು ಕಂಡಷ್ಟೇ ಹೆಮ್ಮೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ಅವಳ ಮೊದಲ ರೇಸಿಗೆ ಫರ್ವಾನಿಯಾದ ನಮ್ಮ ಬಿಲ್ಡಿಂಗಿನ ಅರ್ಧ ಜನ ಬಂದಿದ್ದರು. ನನ್ನ ಹೆಂಡತಿ ದೊಡ್ಡ ಡಬ್ಬಿಯಲ್ಲಿ ಕೋರಿರೊಟ್ಟಿ ತಂದಿದ್ದಳು. ಗೆದ್ದ ಮೇಲೆ ಎಲ್ಲರಿಗೂ ಹಂಚುವುದು ಎಂದು ತೀರ್ಮಾನ.

ಗೇಟು ತೆರೆಯಿತು, ಕುದುರೆಗಳು ಹಾರಿದವು. ರೀಮ್ ಮಾತ್ರ ಮೊದಲು ಆಚೀಚೆ ನೋಡಿದಳು. ಆಮೇಲೆ ಬಾಲ ಎತ್ತಿ, ಕುತ್ತಿಗೆ ಬಾಗಿಸಿ, ಮದುವೆ ಹಾಲಿಗೆ ಬರುವ ಮದುಮಗಳ ಹಾಗೆ ಹೊರಟಳು. ಜಾಕಿ ಅವಳ ಬೆನ್ನ ಮೇಲೆ ಏನೇನು ಮಾಡಬೇಕೋ ಎಲ್ಲ ಮಾಡಿದ. ಉಳಿದ ಕುದುರೆಗಳು ಮುಗಿಸಿ, ಜೀನು ಕಳಚಿಸಿಕೊಳ್ಳುತ್ತಿದ್ದಾಗಲೂ ನಮ್ಮವಳು ದಾರಿಯಲ್ಲೇ ಇದ್ದಳು.

"ಒಂದು ಕುದುರೆಯನ್ನಾದರೂ ದೂಡಿದಳಾ ನೋಡಿ ಶೆಟ್ರೆ," ಎಂದರು ಇಚ್ಚ ನನ್ನ ಕಡೆ ತಿರುಗಿ. "ಅಂಥ ಮರ್ಯಾದೆ."

ದೂಡಲು ಹತ್ತಿರದಲ್ಲಿ ಯಾವ ಕುದುರೆಯೂ ಇರಲಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವವಳು, ರೀಮಳನ್ನೇ ದಿಟ್ಟಿಸಿ ನೋಡಿ ಮೆಲ್ಲಗೆ ಕೇಳಿದಳು:

"ಪಪ್ಪಾ, ಈಸ್ ಶಿ ಅರ್ಲಿ ಫಾರ್ ದ ನೆಕ್ಸ್ಟ್ ರೇಸ್?"

ತೆಂಗಿನೆಣ್ಣೆ

ಆ ಚಳಿಗಾಲವಿಡೀ ರೀಮ್ ಹೀಗೇ ಓಡಿದಳು. ಕೊನೆಗೆ ಕಫೀಲರು ನಮ್ಮನ್ನು ಕರೆದು ವಿಷಯ ಹೇಳಿದರು. ಮಕ್ಕಳಿಗೆ ಸವಾರಿ ಕಲಿಸುವ ಒಬ್ಬಾತ ಅವಳನ್ನು ಕೇಳಿದ್ದಾನೆ. ಓಡದ ಕುದುರೆಯನ್ನು ಇಟ್ಟುಕೊಳ್ಳಬೇಕಾದರೆ ಅವಳಿಂದ ಒಳ್ಳೆಯ ಮರಿ ಬರುತ್ತದೆ ಎಂಬ ಭರವಸೆ ಬೇಕು. ಡಾಕ್ಟರು ನೋಡಲಿ, ಇಲ್ಲವಾದರೆ ಕೊಟ್ಟುಬಿಡುವುದು.

ಇಚ್ಚ ಆ ದಿನ ಊಟ ಮಾಡಲಿಲ್ಲ. ನಾನು ಮಾಡಿದೆ, ಆದರೆ ಏನು ತಿಂದೆ ಎಂದು ನೆನಪಿಲ್ಲ.

ಡಾಕ್ಟರಮ್ಮ ಈಜಿಪ್ಟಿನವರು, ಕುದುರೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅವರು ಬರುವ ಬೆಳಿಗ್ಗೆ ನಮಗೆ ಹೆಣ್ಣು ನೋಡುವ ಶಾಸ್ತ್ರದ ಗಡಿಬಿಡಿ. ಹುಡುಗಿ ಕಡೆಯವರು ನಾವೇ ತಾನೆ. ಇಚ್ಚ ಅವಳಿಗೆ ಸ್ನಾನ ಮಾಡಿಸಿದರು. ನಾನು ಹೆಂಡತಿಯಿಂದ ಊರಿನ ತೆಂಗಿನೆಣ್ಣೆ ಕೇಳಿ ತಂದಿದ್ದೆ. ಬಾಲಕ್ಕೆ ಹಚ್ಚಿದೆವು, ಹೊಳೆಯಿತು. ಕುತ್ತಿಗೆಯ ಕೂದಲಿಗೆ ಹಚ್ಚಿದೆವು, ಇನ್ನೂ ಹೊಳೆಯಿತು. ಹೀಗೆ ಹೊಳೆಯುವಾಗ ಮೈಯನ್ನು ಮಾತ್ರ ಯಾಕೆ ಬಿಡುವುದು ಎಂದು ಇಬ್ಬರೂ ಸೇರಿ ಗೊರಸಿನವರೆಗೆ ತಿಕ್ಕಿದೆವು.

ಡಾಕ್ಟರಮ್ಮನ ಕಾರು ಗೇಟಿನ ಒಳಗೆ ಬರುವುದಕ್ಕೂ ಧೂಳುಗಾಳಿ ಏಳುವುದಕ್ಕೂ ಸರಿಯಾಯಿತು. ಗಾಳಿ ನಿಂತಾಗ ಕಬ್ದ್‌ನ ಮರಳೆಲ್ಲ ರೀಮಳ ಮೈಮೇಲಿತ್ತು. ಬೂದು ಬಣ್ಣದ ಕುದುರೆ ರವೆ ಮೆತ್ತಿದ ಬಂಗುಡೆಯ ಹಾಗೆ ನಿಂತಿತ್ತು.

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಈ ಚರ್ಮರೋಗ ಯಾವಾಗಿನಿಂದ?" ಎಂದು ಕೇಳಿದರು.

ಇಚ್ಚ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಇನ್ನು ಕಾವಲಿ ಒಂದೇ ಬಾಕಿ, ಶೆಟ್ರೆ."

ಆಡಿನ ಮರಿ

ಮತ್ತೆ ಸ್ನಾನ ಮಾಡಿಸಿದೆವು, ಈ ಸಲ ಸೋಪು ಹಾಕಿ. ಡಾಕ್ಟರಮ್ಮ ಅವಳನ್ನು ನಡೆಸಿ ನೋಡಿದರು, ಕಾಲು ಎತ್ತಿ ನೋಡಿದರು, ಹಲ್ಲು ನೋಡಿದರು, ಗರ್ಭಕೋಶವನ್ನು ಸ್ಕ್ಯಾನ್ ಮಾಡಿದರು. ಕಾಲು ನೆಟ್ಟಗಿದೆ, ಬೆನ್ನು ಗಟ್ಟಿ, ಸೊಂಟ ಅಗಲ, ಒಳಗೂ ತೊಂದರೆಯಿಲ್ಲ ಎಂದರು. ಅವಳು ಸೋತದ್ದು ದೊಡ್ಡ ಮಾತಲ್ಲವಂತೆ. ಅವಳ ತಾಯಿ ಶಮ್ಮಾ ಕೂಡ ಒಂದು ರೇಸನ್ನೂ ಗೆದ್ದವಳಲ್ಲ, ಆದರೆ ಶಮ್ಮಾಳ ಬೇರೆ ಮರಿಗಳೆಲ್ಲ ಗೆದ್ದಿವೆ. ತಳಿಗೆ ಇಡುವಾಗ ನೋಡಬೇಕಾದದ್ದು ಅದನ್ನೂ. ನನಗೂ ಇಚ್ಚನಿಗೂ ಎದೆ ಉಬ್ಬಿತು, ನಮ್ಮನ್ನೇ ಹೊಗಳಿದ ಹಾಗೆ.

"ಆದರೆ ಸ್ವಭಾವ?" ಎಂದರು ಡಾಕ್ಟರಮ್ಮ. "ಕೆಲವು ಕುದುರೆಗಳು ತಮ್ಮ ಮರಿಯನ್ನೇ ಹತ್ತಿರ ಸೇರಿಸುವುದಿಲ್ಲ."

ಇಚ್ಚ ಹೋಗಿ ಲಾಯದಲ್ಲಿದ್ದ ಒಂದು ಆಡಿನ ಮರಿಯನ್ನು ತಂದು ರೀಮಳ ಕೊಟ್ಟಿಗೆಯೊಳಗೆ ಬಿಟ್ಟರು. ಅದು ನೇರ ಅವಳ ಮೇವಿನ ಬಾನಿಗೆ ಬಾಯಿ ಹಾಕಿತು. ರೀಮ್ ಮೂಸಿ ನೋಡಿದಳು, ಮೂಗಿನಿಂದ ಮೆಲ್ಲಗೆ ತಳ್ಳಿ ಅದನ್ನು ತನ್ನ ಹೊಟ್ಟೆಯ ಕೆಳಗೆ ನಿಲ್ಲಿಸಿಕೊಂಡಳು, ತಾನು ತಿನ್ನದೆ ಅದು ತಿನ್ನುವುದನ್ನು ನೋಡುತ್ತ ನಿಂತಳು. ಇಚ್ಚ ಕಣ್ಣೊರೆಸಿಕೊಂಡರು.

ಕಫೀಲರಿಗೂ ಖುಷಿಯಾಯಿತು. "ಮಾಶಾಅಲ್ಲಾ" ಎನ್ನುತ್ತ ಒಳಗೆ ಹೋಗಿ ಆಡಿನ ಮರಿಯ ತಲೆ ಸವರಲು ಕೈ ಚಾಚಿದರು. ರೀಮ್ ಕಿವಿ ಹಿಂದಕ್ಕೆ ಮಡಚಿ, ಅವರ ತಲೆಯ ಬಿಳಿ ಘುತ್ರಾವನ್ನು ಕಚ್ಚಿ ಎಳೆದು, ಕಾಲ ಕೆಳಗೆ ಹಾಕಿ ತುಳಿದಳು. ಕಫೀಲರು ಎಷ್ಟು ಬೇಗ ಹೊರಗೆ ಬಂದರೆಂದರೆ, ರೀಮ್ ಜೀವನದಲ್ಲಿ ಒಮ್ಮೆಯಾದರೂ ಆ ವೇಗದಲ್ಲಿ ಓಡಿದ್ದರೆ ನಮಗೆ ಈ ಪರೀಕ್ಷೆಯೇ ಇರುತ್ತಿರಲಿಲ್ಲ.

ಡಾಕ್ಟರಮ್ಮ ಬೋಳುತಲೆಯಲ್ಲಿ ನಿಂತ ಕಫೀಲರನ್ನು ನೋಡಿ ನಗು ನುಂಗಿಕೊಂಡರು.

"ತಾಯಿತನ ಧಾರಾಳ ಇದೆ," ಎಂದರು. "ಬೇಕಾದರೆ ಇನ್ನೊಮ್ಮೆ ಒಳಗೆ ಹೋಗಿ ನೋಡಬಹುದು."

ಯುಮ್ಮಾ ಕೇಳಿದ ಪ್ರಶ್ನೆ

ಘುತ್ರಾ ಹೋದ ಸಿಟ್ಟಿಗೋ ಏನೋ, ಕಫೀಲರು ಆಗಲೂ ಹೂಂ ಎನ್ನಲಿಲ್ಲ. "ಯುಮ್ಮಾ ನೋಡಲಿ," ಎಂದರು. ಯುಮ್ಮಾ ಎಂದರೆ ಅವರ ತಾಯಿ. ತುಂಬ ವಯಸ್ಸಾದವರು, ಗಾಲಿಕುರ್ಚಿಯಲ್ಲಿ ಓಡಾಡುತ್ತಾರೆ. ಆದರೆ ಆ ಮನೆಯಲ್ಲಿ ಹೆಣ್ಣು ಕುದುರೆಯ ವಿಷಯಕ್ಕೆ ಅವರ ಮಾತೇ ಕೊನೆ. ಸವಾರಿ ಕಲಿಸುವವನು ಮರುದಿನ ಗಾಡಿ ತರುತ್ತೇನೆಂದು ಫೋನ್ ಮಾಡಿದ್ದ.

ಲಾಯಕ್ಕೆ ಬಂದ ಯುಮ್ಮಾ ಅಲ್ಲಿನ ಟೆಂಟಿನಲ್ಲಿ ಕೂತು ಕಾಫಿ ಕುಡಿಯುತ್ತ ನನ್ನನ್ನು ಎದುರಿಗೆ ನಿಲ್ಲಿಸಿದರು. ಡಾಕ್ಟರಮ್ಮ, ಕಫೀಲರು, ಇಚ್ಚ ಸುತ್ತ ಇದ್ದರು. ಮೇವು ತಿನ್ನುತ್ತಾಳಾ, ಹಟ ಮಾಡುತ್ತಾಳಾ ಎಂದೆಲ್ಲ ಕೇಳಿ, ಕೊನೆಗೆ, "ತಾಯಿಯ ಕಡೆ ಹೇಳು, ಹಿಂದಿನವರೆಗೂ," ಎಂದರು.

ಇದಕ್ಕೆ ನಾನು ತಯಾರಿದ್ದೆ. ಫರ್ವಾನಿಯಾದಿಂದ ಲಾಯಕ್ಕೆ ಕಾರಿನಲ್ಲಿ ಬರುವಾಗ ದಿನಾ ಬಾಯಿಪಾಠ ಮಾಡುತ್ತಿದ್ದೆ. ಚಿಕ್ಕವನಿದ್ದಾಗ ಅಮ್ಮ ನನಗೆ ನಮ್ಮ ಕುಟುಂಬದ ಹೆಂಗಸರ ಹೆಸರನ್ನು ಕಲಿಸಿದ್ದು ಯಾವ ರಾಗದಲ್ಲೋ, ಕುದುರೆಗಳನ್ನೂ ಅದೇ ರಾಗಕ್ಕೆ ಕೂರಿಸಿಕೊಂಡಿದ್ದೆ. ತಪ್ಪು ಮಾಡಿದ್ದೇ ಅಲ್ಲಿ.

"ರೀಮ್. ಅವಳ ತಾಯಿ ಶಮ್ಮಾ. ಅವಳ ತಾಯಿ ದಾನಾ. ಅವಳ ತಾಯಿ ಘಜಾಲಾ," ಎಂದು ಶುರುಮಾಡಿದೆ. ಯುಮ್ಮಾ ತಲೆದೂಗಿದರು. ಅದನ್ನು ನೋಡಿ ನನಗೆ ಹುರುಪು ಬಂತು, ಕಣ್ಣು ಮುಚ್ಚಿಕೊಂಡೆ. "ಅವಳ ತಾಯಿ ಮುತ್ತಕ್ಕ. ಅವಳ ತಾಯಿ ದುಗ್ಗಮ್ಮ."

ಇಚ್ಚನಿಗೆ ಕೆಮ್ಮು ಬಂತು. ನಾನು ಕಣ್ಣು ತೆರೆದೆ.

"ಮುತ್ತಕ್ಕ," ಎಂದರು ಯುಮ್ಮಾ ಹುಬ್ಬು ಗಂಟಿಕ್ಕಿ. "ಈ ಕುದುರೆಯನ್ನು ನಾನು ಕೇಳಿಲ್ಲವಲ್ಲ. ಯಾರ ಲಾಯದ್ದು?"

"ಯುಮ್ಮಾ, ಅದು ಕುದುರೆಯಲ್ಲ. ನನ್ನ ಅಜ್ಜಿ."

ಡಾಕ್ಟರಮ್ಮ ಕಾಫಿ ಲೋಟ ಕೆಳಗಿಟ್ಟರು. ಕಫೀಲರು ಹೊಸ ಘುತ್ರಾದಿಂದ ಮುಖ ಮುಚ್ಚಿಕೊಂಡರು. ಮರುದಿನದ ಗಾಡಿ ನನ್ನ ಕಣ್ಣೆದುರಿಗೇ ಬಂದು ನಿಂತಿತು. ಯುಮ್ಮಾ ಮಾತ್ರ ನಗಲಿಲ್ಲ.

"ಹೆರಿಗೆ ಎಷ್ಟು?"

"ಒಂಬತ್ತು, ಯುಮ್ಮಾ."

"ಮಕ್ಕಳೆಲ್ಲ ಉಳಿದರಾ?"

"ಎಲ್ಲರೂ ಉಳಿದರು."

"ಕಾಲು?"

"ಸಾಯುವವರೆಗೂ ಗಟ್ಟಿ ಇತ್ತು."

"ಹೆಸರಿನ ಅರ್ಥ ಏನು?"

"ಮುತ್ತಿನಂಥ ಅಕ್ಕ ಅಂತ."

ಯುಮ್ಮಾ ತಮ್ಮ ತಂದೆ ಮುತ್ತು ತೆಗೆಯಲು ಸಮುದ್ರಕ್ಕೆ ಧುಮುಕುತ್ತಿದ್ದವರು ಎಂದರು. ಆಮೇಲೆ ಮಗನ ಕಡೆ ತಿರುಗಿದರು.

"ಕುದುರೆಯನ್ನು ಇಟ್ಟುಕೋ. ಈ ಮನುಷ್ಯ ತನ್ನ ಅಜ್ಜಿಯನ್ನೇ ಅವಳ ವಂಶಕ್ಕೆ ಸೇರಿಸಿಬಿಟ್ಟಿದ್ದಾನೆ. ಈಗ ಮಾರಿದರೆ ಆ ಅಜ್ಜಿಯನ್ನೂ ಗಾಡಿಗೆ ಹತ್ತಿಸಬೇಕಾಗುತ್ತದೆ."

ಮುತ್ತಕ್ಕ

ರೀಮಳಿಗೆ ಹುಟ್ಟಿದ್ದೂ ಹೆಣ್ಣು ಮರಿ. ಯುಮ್ಮಾ ಹಟ ಹಿಡಿದು ಅದಕ್ಕೆ ಮುತ್ತಕ್ಕ ಎಂದೇ ಹೆಸರಿಟ್ಟರು. ನಾನು ಹೆಮ್ಮೆಯಿಂದ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ.

"ಎಂತ ಹೇಳಿದೆ?" ಎಂದಳು ಅಮ್ಮ. "ನನ್ನ ಅಮ್ಮನ ಹೆಸರು ಕುದುರೆಗಾ? ನಿನ್ನನ್ನು ಕುವೈತಿಗೆ ಕಳಿಸಿದ್ದು ಇದಕ್ಕಾ?" ಫೋನ್ ಇಟ್ಟಳು. ಆ ಮೇಲೆ ನಾನು ಕರೆ ಮಾಡಿದಾಗಲೆಲ್ಲ ನನ್ನ ಹೆಂಡತಿಯೊಡನೆ ಮಾತ್ರ ಮಾತಾಡಿದಳು. ರೀಮ್ ಉಳಿದಳು ಎಂಬ ಸಂತೋಷದ ಜೊತೆಗೆ ನನಗೆ ಇದೊಂದು ನೋವು ಉಳಿಯಿತು.

ಮರಿ ಬೆಳೆದು ಓಡುವ ವಯಸ್ಸಿಗೆ ಬಂದ ಚಳಿಗಾಲ ಅಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದಳು. ರೇಸಿಗೆ ಬರುವುದಿಲ್ಲ ಎಂದವಳನ್ನು ಮೊಮ್ಮಗಳು ಹೇಗೋ ಎಬ್ಬಿಸಿಕೊಂಡು ಬಂದಳು. ಸೀರೆಯ ಮೇಲೆ ಸ್ವೆಟರ್ ಹಾಕಿ, ಶಾಲು ಹೊದ್ದು, ಯುಮ್ಮಾರ ಗಾಲಿಕುರ್ಚಿಯ ಪಕ್ಕದಲ್ಲಿ ಕೂತಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಯುಮ್ಮಾ ಖರ್ಜೂರ ಕೊಟ್ಟರು, ಅಮ್ಮ ಕೋರಿರೊಟ್ಟಿ ಕೊಟ್ಟಳು. ಈ ಸಲ ಗೆಲ್ಲುವವರೆಗೆ ಕಾಯುವುದು ಬೇಡ ಎಂದು ಹೆಂಡತಿ ಡಬ್ಬಿಯನ್ನು ಮೊದಲೇ ತೆರೆದಿದ್ದಳು.

ಗೇಟು ತೆರೆಯಿತು. ನಮ್ಮ ಮರಿ ಆಚೀಚೆ ನೋಡಲಿಲ್ಲ. ತಿರುವಿನಲ್ಲಿ ಒಂದೊಂದೇ ಕುದುರೆಯನ್ನು ಹಿಂದೆ ಹಾಕುತ್ತ ಬಂತು. ಧ್ವನಿವರ್ಧಕದಲ್ಲಿ ಅರಬ್ಬಿಯವನೊಬ್ಬ ಉಸಿರು ಕಟ್ಟಿ ನನ್ನ ಅಜ್ಜಿಯ ಹೆಸರು ಕೂಗುತ್ತಿದ್ದ. ಮುತ್ತಕ್ಕ, ಮುತ್ತಕ್ಕ, ಮುತ್ತಕ್ಕ. ಮೊದಲು ಗೆರೆ ದಾಟಿದವಳು ಅವಳೇ. ಇಚ್ಚ ನನ್ನನ್ನು ಅಪ್ಪಿಕೊಂಡು ಅತ್ತರು. ಕಫೀಲರು ಘುತ್ರಾವನ್ನು ತಾವೇ ತೆಗೆದು ಗಾಳಿಯಲ್ಲಿ ಬೀಸಿದರು. ನಾನು ಕಣ್ಣೀರು ಒರೆಸಿಕೊಂಡು, ಅಂಜುತ್ತ ಅಂಜುತ್ತ ಅಮ್ಮನ ಹತ್ತಿರ ಬಗ್ಗಿದೆ.

"ಅಮ್ಮಾ, ಅಜ್ಜಿ ಗೆದ್ದರು."

ಅಮ್ಮ ಶಾಲು ಸರಿಪಡಿಸಿಕೊಂಡಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿ ನೇರವಾಗಿ ಮಾತಾಡಿದಳು.

"ಅದರಲ್ಲಿ ಎಂತ ಉಂಟು? ನನ್ನ ಅಮ್ಮ ಯಾವತ್ತು ಯಾರ ಹಿಂದೆ ನಡೆದದ್ದು?"